ಕಿಮ್ಮಕ್ಕನ ಹೋಟೆಲಿನಲ್ಲಿ ಬಿಸಿ ಊಟ

“ಗೋಡೆಗೆ ಗಾರೆ ಬಳಿಯೋಕೂ ಗತಿ ಇಲ್ದಿರೋ ಹೋಟ್ಲಿಗೆ ನನ್ನ ಎಳ್ಕಂಡ್ ಬಂದಿದ್ದೀಯಲ್ಲ, ನಿನ್ನ ತಲೇಲಿ ಏನ್ ಸಗಣಿ ತುಂಬ್ಕಂಡಿದ್ದೀಯ?” ಎಂದು ಕೂಗಿದೆ.

“ಗಾರೆ ಇಲ್ದಿರೋದೇ ಈಗಿನ ಸ್ಟೈಲು ಕಣಮ್ಮಿ. ನಿನ್ಗೇನ್ ಗೊತ್ತಾಯ್ತದೆ, ಏಳ್ನೇ ಕ್ಲಾಸು ಎರಡು ಸಲ ಫೇಲಾದೋಳಿಗೆ?” ಎಂದಳು ಅತ್ತಿಗೆ.

“ಒಂದು ಸಲ! ಒಂದೇ ಸಲ ಫೇಲಾಗಿದ್ದು ನಾನು!”

ಮೇಜನ್ನು ಗುದ್ದಿದೆ. ಮೇಜಿನ ನಡುವೆ ಇರುವ ಗುಂಡಿಯಲ್ಲಿ ಜೋಡಿಸಿದ್ದ ಇದ್ದಿಲು ಭಗ್ಗೆಂದು ಹೊತ್ತಿಕೊಂಡಿತು. ಅಕ್ಕಪಕ್ಕದ ಮೇಜಿನವರು ಚಪ್ಪಾಳೆ ತಟ್ಟಿದರು. ಒಬ್ಬಳು ಹುಡುಗಿ ಫೋನು ಎತ್ತಿಕೊಂಡು ಚಿತ್ರ ತೆಗೆದಳು. “ಎಂಥಾ ಉರಿ ನೋಡೇ, ಒಂದೇ ಗುದ್ದಿಗೆ,” ಎಂದು ತನ್ನ ಜೊತೆಯವಳಿಗೆ ಹೇಳಿದಳು. ನನಗೆ ಹೆಮ್ಮೆಯಾಯಿತು ಎಂದರೆ ಸುಳ್ಳಲ್ಲ.

ನಮ್ಮೂರಲ್ಲಿ ಬೆಂಕಿ ಹೊತ್ತುವುದು ಸಿಟ್ಟಿಗೆ. ಕಡ್ಡಿ ಗೀರಿದರೆ ಪೊಟ್ಟಣದ ಮೇಲೆ ಗೀರು ಬೀಳುತ್ತದೆ, ಅಷ್ಟೇ. ಸಿಟ್ಟು ನಿಜವಾಗಿರಬೇಕು. ನಟನೆಯ ಸಿಟ್ಟಿಗೆ ಹೊಗೆ ಕೂಡ ಏಳುವುದಿಲ್ಲ. ಒಂದು ಒಲೆಯ ಕೆಂಡವನ್ನು ಇನ್ನೊಂದು ಒಲೆಗೆ ಒಯ್ದರೆ ದಾರಿಯಲ್ಲೇ ಕಪ್ಪಾಗುತ್ತದೆ. ಸಿಟ್ಟು ಇಳಿದರೆ ಬೆಂಕಿಯೂ ಇಳಿಯುತ್ತದೆ. ಅದಕ್ಕೇ ನಮ್ಮೂರಲ್ಲಿ ಅನ್ನ ಬೇಯುವ ತನಕ ಯಾರೂ ಯಾರ ಹತ್ತಿರವೂ ತಪ್ಪಾಯ್ತು ಎನ್ನುವುದಿಲ್ಲ. ಹೊಸದಾಗಿ ಮದುವೆಯಾದವರು ಮೊದಲ ಆರು ತಿಂಗಳು ಬಾಳೆಹಣ್ಣು, ಮೊಸರವಲಕ್ಕಿ ತಿಂದುಕೊಂಡು ಇರುತ್ತಾರೆ. ಯಾವುದಾದರೂ ಹೊಸ ಮನೆಯ ಹಂಚಿನ ಸಂದಿಯಿಂದ ಮೊದಲ ಸಲ ಹೊಗೆ ಎದ್ದರೆ ಬೀದಿಯವರು, “ಸದ್ಯ, ಸಂಸಾರಕ್ಕೆ ಹತ್ತಿದರು,” ಎನ್ನುತ್ತಾರೆ. ಹೋಟೆಲಿನವರು ಅಡುಗೆಮನೆಗೆ ಆಸ್ತಿ ಪಾಲಾಗದ ಅಣ್ಣತಮ್ಮಂದಿರನ್ನು ಹುಡುಕಿ ತಂದು ಇಟ್ಟುಕೊಳ್ಳುತ್ತಾರೆ.

ಕಿಮ್ಮಕ್ಕ ಕೊರಿಯಾದಿಂದ ಬಂದ ಹೆಂಗಸು. ನಮ್ಮ ಮಾತನ್ನು ಸಂತೆಯಲ್ಲಿ ನಿಂತು ಕಲಿತಳು. ಸಂತೆಯಲ್ಲಿ ಕೇಳಿದ್ದೆಲ್ಲ ಬೈಗುಳ, ಹಾಗಾಗಿ ಅವಳಿಗೆ ಬರುವ ಮಾತಿನಲ್ಲಿ ಮುಕ್ಕಾಲು ಪಾಲು ಬೈಗುಳವೇ. ಆದರೆ ನಗುತ್ತಾ ಬೈಯುತ್ತಾಳೆ, ಅವಳಿಂದ ಒಂದು ಕಿಡಿಯೂ ಏಳುವುದಿಲ್ಲ. ಮೊದಲ ತಿಂಗಳೆಲ್ಲ ತಣ್ಣಗಿನ ಒಲೆ ಮುಂದೆ ಕೂತಿದ್ದಳಂತೆ. ಆಮೇಲೆ ತನ್ನ ದೇಶದ ರೀತಿಯಲ್ಲೇ ಪ್ರತಿ ಮೇಜಿನ ನಡುವೆ ಒಂದು ಗುಂಡಿ ತೋಡಿಸಿ, ಮೇಲೆ ಕಂಬಿಯ ಜಾಲರಿ ಇಟ್ಟು, ಬಾಗಿಲಿಗೆ ಒಂದು ಬೋರ್ಡು ಹಾಕಿದಳು: ಬಾಡು ನಮ್ಮದು, ಬೆಂಕಿ ನಿಮ್ಮದು. ಅಂದಿನಿಂದ ಅಲ್ಲಿ ಜಾಗ ಸಿಗಬೇಕಾದರೆ ಹೊರಗಡೆ ಸ್ಟೂಲಿನ ಮೇಲೆ ಮುಕ್ಕಾಲು ಗಂಟೆ ಕಾಯಬೇಕು. ಒಳಗೆ ಗಾರೆಯಿಲ್ಲದ ಗೋಡೆ, ಗುಲಾಬಿ ಬಣ್ಣದ ಟ್ಯೂಬ್‌ಲೈಟಿನಲ್ಲಿ ಬರೆದ ಓದಲಾಗದ ಅಕ್ಷರ, ಪ್ರತಿ ಮೇಜಿನ ಮೇಲೂ ಹೊಗೆ ಎಳೆಯುವುದಕ್ಕೆ ಸೂರಿನಿಂದ ಆನೆ ಸೊಂಡಿಲಿನಂತೆ ಇಳಿಬಿದ್ದ ಪೈಪು. ಬಟ್ಟೆಗೆ ಜಿಡ್ಡು ಹಾರದಂತೆ ಎಲ್ಲರಿಗೂ ಒಂದೊಂದು ಕಪ್ಪು ಏಪ್ರನ್ ಕಟ್ಟುತ್ತಾರೆ. ನಾನು ಮೊದಲು ಬೇಡವೆಂದೆ, ಆಮೇಲೆ ಕಟ್ಟಿಸಿಕೊಂಡೆ.

ಈಗಿನ ಹುಡುಗರು ಮೆತ್ತಗಿನವರು, ಕೂತ ಕೂಡಲೇ ಜಗಳ ಬರುವುದಿಲ್ಲ. ಅವರಿಗೆಂದು ಮೆನು ಜೊತೆಗೆ ಇನ್ನೊಂದು ಕಾರ್ಡು ಕೊಡುತ್ತಾರೆ. ಅದರಲ್ಲಿ ಜಗಳದ ವಿಷಯಗಳು. ಆಸ್ತಿ ಪಾಲು, ಗಾಡಿ ಅಡ್ಡ ನಿಲ್ಲಿಸಿದ್ದು, ಅತ್ತೆಮನೆ, ಫೋನಿನ ಪಾಸ್‌ವರ್ಡು. ಪಾಸ್‌ವರ್ಡಿಗೆ ಎಲ್ಲಕ್ಕಿಂತ ಬೇಗ ಹತ್ತುತ್ತದೆಂದು ಹೇಳುತ್ತಾರೆ.

ನನಗೂ ಅತ್ತಿಗೆಗೂ ಕಾರ್ಡು ಕೊಡಲಿಲ್ಲ. ನಮ್ಮಿಬ್ಬರ ಜಗಳ ಊರಿಗೇ ಗೊತ್ತು.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ, ನಿಂಗಾಜಮ್ಮ. ನನ್ನ ಗಂಡ ಚಿಕ್ಕಬೋರ ತೀರಿಕೊಂಡು ಇಪ್ಪತ್ತೆರಡು ವರ್ಷವಾಯಿತು. ಒಂದು ದಿನ ಮಧ್ಯಾಹ್ನ ಎದೆ ಹಿಡಿದುಕೊಂಡು ಜಗುಲಿ ಮೇಲೆ ಕೂತವನು ಏಳಲಿಲ್ಲ. ಮಗಳಿಗೆ ಆಗ ನಾಲ್ಕು ವರ್ಷ, ಮಗನಿಗೆ ಎರಡು. ನನ್ನಂಥ ಸಿಟ್ಟಿನವಳು ಆಗ ಮಂಕು ಹಿಡಿದು ಮೂಲೆಯಲ್ಲಿ ಕೂತುಬಿಟ್ಟೆ. ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಹತ್ತೊಂಬತ್ತು ದಿನ ನಮ್ಮ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಮಕ್ಕಳು ನೆನೆಸಿದ ಅವಲಕ್ಕಿ ತಿಂದು ತಿಂದು ಸೊರಗಿದರು, ಚಿಕ್ಕವನಿಗೆ ಭೇದಿ ಹತ್ತಿತು. ಇಪ್ಪತ್ತನೆಯ ದಿನ ಅತ್ತಿಗೆ ಒಂದು ಟ್ರಂಕು ಹಿಡಿದು ಬಂದಳು. ಅವಳೂ ಗಂಡ ಇಲ್ಲದವಳು, ಮಕ್ಕಳಿಲ್ಲದವಳು. ಹೊಸಿಲು ದಾಟುವ ಮೊದಲೇ, “ಉಪ್ಪು ಸುರಿದು ಸುರಿದು ನನ್ನ ತಮ್ಮನ್ನ ಕೊಂದೆಯಲ್ಲೇ, ಪಾಪಿ ಮುಂಡೆ!” ಎಂದಳು. ನಾನು ಎದ್ದು ನಿಂತೆ. ಏನು ಅಂದೆನೋ ನೆನಪಿಲ್ಲ, ಆದರೆ ಒಲೆ ಸೂರಿಗೆ ತಾಗುವ ಹಾಗೆ ಉರಿಯಿತು. ಅವತ್ತು ಮಕ್ಕಳು ಬಿಸಿ ಅನ್ನ ಉಂಡರು.

ಅವತ್ತಿನಿಂದ ಇಬ್ಬರೂ ಮನೆಯಲ್ಲಿದ್ದ ಒಂದು ಬೆಳಗೂ ಜಗಳ ತಪ್ಪಿಲ್ಲ. ಪೊರಕೆ ತಲೆಕೆಳಗಾಗಿ ಇಟ್ಟಿದ್ದಕ್ಕೆ, ಮಜ್ಜಿಗೆಗೆ ಮುಚ್ಚಳ ಹಾಕದ್ದಕ್ಕೆ, ನನ್ನ ತವರಿನವರು ಮದುವೆಗೆ ಕೊಟ್ಟ ಚೊಂಬು ಸೋರುತ್ತದೆಂಬುದಕ್ಕೆ. ಅವಳು ಹಿತ್ತಲಿನಿಂದ ಒಂದು ಮಾತು ಎಸೆಯುತ್ತಿದ್ದಳು, ನಾನು ಅಡುಗೆಮನೆಯಿಂದ ಹತ್ತು ಎಸೆಯುತ್ತಿದ್ದೆ, ನೀರು ಕುದಿಯುತ್ತಿತ್ತು. ಮಕ್ಕಳು ಬೆಳೆದು ಅವರವರ ಮನೆ, ಅವರವರ ಜಗಳ ನೋಡಿಕೊಂಡರು. ಅತ್ತಿಗೆ ನನ್ನನ್ನು ದ್ವೇಷಿಸುತ್ತಾಳೆಂದು ನಾನು ತಿಳಿದಿದ್ದೆ. ನಾನೂ ಅಷ್ಟೇ ದ್ವೇಷಿಸಿ ಲೆಕ್ಕ ಸರಿಮಾಡುತ್ತಿದ್ದೇನೆ ಎಂದೂ ತಿಳಿದಿದ್ದೆ. ಅಂಥವಳು ಹಿಂದಿನ ದಿನ ಬಂದು, “ನಾಳೆ ಆ ಕೊರಿಯಾ ಹೋಟ್ಲಲ್ಲಿ ಉಣ್ಣಾಣ, ಬಾ,” ಎಂದಾಗ ಇದರಲ್ಲೂ ಏನೋ ಕುತಂತ್ರವಿದೆ ಎಂದುಕೊಂಡೇ ಹೊರಟಿದ್ದೆ.

ಕಿಮ್ಮಕ್ಕ ಪುಟ್ಟ ಪುಟ್ಟ ಬಟ್ಟಲುಗಳನ್ನು ತಂದು ಮೇಜಿನ ತುಂಬ ಜೋಡಿಸಿದಳು. ಕೆಂಪಗೆ ಖಾರ ಹಚ್ಚಿ ಹುಳಿ ಬರಿಸಿದ ಕೋಸು, ಮೊಳಕೆ ಕಾಳು, ಎಳ್ಳೆಣ್ಣೆಯ ಸೊಪ್ಪು. ಕೇಳದೇ ಇದ್ದರೂ ಕೊಡುತ್ತಾರೆ, ಖಾಲಿಯಾದರೆ ಮತ್ತೆ ಕೊಡುತ್ತಾರೆ. ಆಮೇಲೆ ಮರದ ಹಲಗೆ ಮೇಲೆ ತೆಳ್ಳಗೆ ಕೊಯ್ದ ಬಾಡು, ಜೊತೆಗೆ ಒಂದು ಇಕ್ಕಳ, ಒಂದು ಕತ್ತರಿ.

“ಕತ್ತರಿ ಯಾಕವ್ವ? ಬಟ್ಟೆ ಹೊಲಿಯೋಕಾ?” ಎಂದೆ.

“ಬಾಡು ಕತ್ತರಿಸೋಕೆ, ಮಂಕುದಿಣ್ಣೆ,” ಎಂದು ಕಿಮ್ಮಕ್ಕ ನಕ್ಕಳು. ಹಸಿರೆಲೆ ಒಂದನ್ನು ಅಂಗೈಮೇಲೆ ಇಟ್ಟು, ಅದರೊಳಗೆ ಹೇಗೆ ತುತ್ತು ಕಟ್ಟಬೇಕು, ಕಟ್ಟಿದ್ದನ್ನು ಎದುರಿಗೆ ಕೂತವರ ಬಾಯಿಗೆ ಹೇಗೆ ಇಡಬೇಕು ಎಂದು ತೋರಿಸಿದಳು. “ಇಡೀ ತುತ್ತು ಒಂದೇ ಸಲ. ಕಚ್ಚಿ ತಿಂದ್ರೆ ಮರ್ಯಾದೆ ಇಲ್ಲ. ತಿಳೀತಾ, ಕತ್ತೆ?”

“ಇವಳ ಬಾಯಿಗೆ ನಾನಾ?” ಎಂದೆ. ಬೆಂಕಿ ಇನ್ನೊಂದು ಗೇಣು ಎದ್ದಿತು. ಅತ್ತಿಗೆ ಇಕ್ಕಳದಿಂದ ಬಾಡನ್ನು ಜಾಲರಿ ಮೇಲೆ ಹರಡಿದಳು. ಚುರ್ ಎಂದಿತು. ಒಳ್ಳೆಯ ವಾಸನೆ, ಅದು ಮಾತ್ರ ಹೇಳಲೇಬೇಕು.

“ಮೂರು ಗಂಟೆ ಬಸ್ಸಿಗೆ ನಾನು ಹೋಯ್ತಾ ಇದ್ದೀನಿ ಕಣೆ ಜವರಿ,” ಎಂದಳು ಅತ್ತಿಗೆ.

ಆಗ ನೋಡಿದೆ, ಅವಳ ಕಾಲ ಬಳಿ ಒಂದು ಕೈಚೀಲ ಉಬ್ಬಿಕೊಂಡು ಕೂತಿತ್ತು.

“ಎಲ್ಲಿಗೆ? ಯಾರನ್ನ ಕೇಳ್ಕಂಡು?”

“ಪುಟ್ಟಲಿಂಗಿ ಊರಿಗೆ. ಅವಳೂ ನಾನೂ ಒಂದೇ ಬೀದೀಲಿ ಆಡಿ ಬೆಳೆದೋರು. ಒಬ್ಳೇ ಅವ್ಳೆ, ಬಾ ಅಂದವ್ಳೆ. ಅಲ್ಲೇ ಇದ್ಬುಡ್ತೀನಿ. ಅಲ್ಲಿ ಕಡ್ಡಿ ಗೀರಿದ್ರೆ ಒಲೆ ಹೊತ್ತುತ್ತಂತೆ. ಯಾರಿಗೂ ಏನೂ ಅನ್ನಬೇಕಾಗಿಲ್ವಂತೆ.”

“ಓಹೋ! ಕೈಕಾಲು ಗಟ್ಟಿ ಇರೋ ತನಕ ನನ್ ಮನೇಲಿ ಉಂಡು, ಈಗ ಪುಟ್ಟಲಿಂಗಿನಾ? ಹೋಗು! ಇವತ್ತೇ ಹೋಗು! ನಿನ್ನ ಬೈಗುಳ ತಿಂದು ತಿಂದು ನನ್ ಕಿವಿ ತೂತು ಬಿದ್ದವೆ!” ಬೆಂಕಿ ಜಾಲರಿ ಮೇಲೆ ಹಾರಿತು. ಬಾಡಿನ ಅಂಚು ಕಪ್ಪಾಯಿತು. ಪಕ್ಕದ ಮೇಜಿನವರು ಕುರ್ಚಿ ಎಳೆದುಕೊಂಡು ಹಿಂದೆ ಸರಿದರು.

“ನಂಗೆ ನಿನ್ ಮ್ಯಾಲೆ ಒಂದಿನಾನೂ ಸಿಟ್ಟು ಬಂದಿಲ್ಲ,” ಎಂದಳು ಅತ್ತಿಗೆ.

“ಸುಳ್ಳು!”

“ಬಂದಿದ್ರೆ ನಾನೊಬ್ಳೇ ಇದ್ದಾಗಲೂ ಒಲೆ ಹೊತ್ತಬೇಕಿತ್ತಲ್ಲ. ಮೂರು ವರ್ಷದ ಕೆಳಗೆ ನೀನು ಹೊಟ್ಟೆ ಆಪರೇಷನ್ನಿಗೆ ಅಂತ ಆಸ್ಪತ್ರೇಲಿ ಹನ್ನೊಂದು ದಿನ ಇದ್ದೆ. ಆಗ ನಾನೇನು ತಿಂದೆ ಅಂತ ಒಂದಿನ ಕೇಳಿದ್ಯಾ?”

ಕೇಳಿರಲಿಲ್ಲ. ಆದರೆ ವಾಪಸು ಬಂದಾಗ ಒಲೆಯಲ್ಲಿ ಬೂದಿ ಇರಲಿಲ್ಲ, ನಾನು ಬಿಟ್ಟುಹೋದ ಹಾಗೇ ಇತ್ತು. ಡಬ್ಬಿಯ ಅವಲಕ್ಕಿ ಖಾಲಿಯಾಗಿತ್ತು. ಸೋಮಾರಿ ಎಂದು ನಾನು ಅವತ್ತು ಬೈದಿದ್ದೆ. ಆ ಬೈಗುಳಕ್ಕೆ ಒಲೆ ಹೊತ್ತಿತ್ತು.

“ಪೊರಕೆ ತಲೆಕೆಳಗಾಗಿ ಇಡ್ತಿದ್ದೋಳು ನಾನೇ,” ಎಂದು ಅತ್ತಿಗೆ ಬಟ್ಟಲು ನೋಡುತ್ತಾ ಹೇಳಿದಳು. “ನಿನ್ ಬಾಚಣಿಗೆ ಬಚ್ಚಿಡ್ತಿದ್ದೋಳೂ ನಾನೇ. ದಿನಾ ಮಲಗೋವಾಗ ಯೋಚ್ನೆ ಮಾಡ್ತಿದ್ದೆ, ನಾಳೆ ಏನಂದ್ರೆ ಇವಳು ಉರೀತಾಳೆ ಅಂತ. ಒಂದೇ ಮಾತು ಎರಡು ದಿನ ಅಂದ್ರೆ ನಿಂಗೆ ನಾಟ್ತಿರ್ಲಿಲ್ಲ. ಹಬ್ಬಕ್ಕಂತೂ ದೊಡ್ಡ ಮಾತೇ ಬೇಕಿತ್ತು, ಒಬ್ಬಟ್ಟು ಬೇಯಬೇಕಲ್ಲ. ನಿಮ್ಮವ್ವನ ಸುದ್ದಿ ಹಬ್ಬಕ್ಕೇಂತ ಎತ್ತಿಟ್ಕಂಡಿರ್ತಿದ್ದೆ.”

“ಉಪ್ಪು?” ಎಂದೆ. “ಉಪ್ಪು ಹಾಕಿ ಕೊಂದೆ ಅಂದಿದ್ದು?”

“ನನ್ನ ತಮ್ಮಂಗೆ ಹುಟ್ಟಿನಿಂದ ಎದೆ ನೋವು ಕಣೆ. ಊರಿಗೆಲ್ಲ ಗೊತ್ತಿತ್ತು. ಬಸ್ಸಿನಲ್ಲಿ ಬರೋವಾಗ ದಾರಿ ಉದ್ದಕ್ಕೂ ಹುಡುಕ್ದೆ, ಏನಂದ್ರೆ ನೀನು ಎದ್ದು ನಿಲ್ತೀಯ ಅಂತ. ಅದೊಂದೇ ಸಿಕ್ಕಿದ್ದು.”

ಬೆಂಕಿ ಆರಿತು. ಇಳಿಯಲಿಲ್ಲ, ಒಮ್ಮೆಗೇ ಆರಿತು. ಜಾಲರಿ ಮೇಲೆ ಬಾಡು ಅರ್ಧ ಬೆಂದು, ಅರ್ಧ ಕೆಂಪಗೆ ಉಳಿಯಿತು. ಗೋಡೆಯ ಗಡಿಯಾರದಲ್ಲಿ ಎರಡೂಕಾಲು.

ನಾನು ಹೇಳಬೇಕಾಗಿದ್ದು ಬಹಳ ಇತ್ತು. ನನ್ನ ಮಕ್ಕಳ ಮೈಮೇಲಿನ ಒಂದೊಂದು ತುಂಡು ಮಾಂಸವೂ ಇವಳ ಬಾಯಿಂದ ಬಂದದ್ದು ಎಂದು ತಿಳಿಯುವುದಕ್ಕೆ ನನಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ಆದರೆ ನಾನು ಅಡುಗೆ ಮಾಡುವ ಹೆಂಗಸು. ಮೊದಲು ತಲೆಗೆ ಬಂದದ್ದು ಇದು: ಇನ್ನು ಮುಕ್ಕಾಲು ಗಂಟೆಯಲ್ಲಿ ಇವಳು ಹೋಗುತ್ತಾಳೆ, ಹಸಿ ಬಾಡಿನ ಮುಂದೆ ಕೂತಿದ್ದಾಳೆ. ಇಷ್ಟು ವರ್ಷ ಇಬ್ಬರೂ ಎದುರುಬದುರು ಕೂತು ಉಂಡಿರಲಿಲ್ಲ. ನಾನು ಬಡಿಸಿ ಒಳಗೆ, ಅವಳು ತಟ್ಟೆ ಎತ್ತಿಕೊಂಡು ಹಿತ್ತಲಲ್ಲಿ. ಈ ಒಂದು ಊಟವನ್ನಾದರೂ ಬಿಸಿಯಾಗಿ ಉಣ್ಣಿಸಿ ಕಳಿಸಬೇಕು. ಅದಕ್ಕೆ ನನಗೆ ಇವಳ ಮೇಲೆ ಸಿಟ್ಟು ಬರಬೇಕು.

ಹುಡುಕಿದೆ. ಜೀವಮಾನದಲ್ಲಿ ಮೊದಲ ಸಲ ಸಿಟ್ಟನ್ನು ಹುಡುಕಿದೆ, ಸಿಗಲಿಲ್ಲ. ಹಳೆಯ ಗಾಯ ಒಂದೊಂದಾಗಿ ಕೆದಕಿದೆ. ಮಗಳ ಮದುವೆ ದಿನ ಬೆಳಗ್ಗೆ ಇವಳು ನನ್ನ ಸೀರೆ ನೋಡಿ ಗೊಬ್ಬರದ ಚೀಲ ಅಂದದ್ದು ನೆನೆದೆ. ಅವತ್ತು ಮುನ್ನೂರು ಜನಕ್ಕೆ ಪಾಯಸ ಆಗಬೇಕಿತ್ತು, ಆಯಿತು. ಯಾವ ಗಾಯ ಮುಟ್ಟಿದರೂ ಕೆಳಗೆ ಒಂದು ಬಿಸಿ ಪಾತ್ರೆ ಇತ್ತು.

ಕಿಮ್ಮಕ್ಕ ಬಂದು ಬಗ್ಗಿ ನೋಡಿದಳು. “ಏನು, ಒಣಗಿ ಹೋದ್ರಾ ಮೂದೇವಿಗಳಾ?” ಎಂದು ಜಗಳದ ಕಾರ್ಡು ತಂದಿಟ್ಟಳು. ಆಸ್ತಿ ಪಾಲು ಓದಿದೆ, ನಗು ಬಂತು. ಪಕ್ಕದ ಮೇಜಿನ ಹುಡುಗಿ ಪಾಪ, ಸಹಾಯ ಮಾಡೋಣವೆಂದು, “ಆಂಟೀ, ನಿಮ್ಮ ಏಪ್ರನ್ ಒಳ್ಳೆ ಕಟುಕರ ಅಂಗಡಿ ಥರ ಇದೆ!” ಎಂದು ಕೂಗಿದಳು. “ಥ್ಯಾಂಕ್ಸ್ ಕಣವ್ವ,” ಎಂದೆ. ಇದ್ದಿಲು ಇನ್ನೂ ಕಪ್ಪಾಯಿತು.

“ಬಿಡು, ಈ ಸೊಪ್ಪು ಕೋಸು ಸಾಕು. ಚೆನ್ನಾಗದೆ,” ಎಂದು ಅತ್ತಿಗೆ, ಚಮಚದ ಬದಲು ಕೊಟ್ಟಿದ್ದ ಎರಡು ಕಡ್ಡಿಗಳನ್ನು ಪಕ್ಕಕ್ಕಿಟ್ಟು ಕೈಯಲ್ಲೇ ಕೋಸು ಎತ್ತಿ ತಿಂದಳು.

ನನಗೆ ತಡೆಯಲಿಲ್ಲ. ಅವಳ ಕೈ ಹಿಡಿದುಕೊಂಡೆ. “ಹೋಗ್ಬ್ಯಾಡ ಅತ್ಗೆ. ನಿನ್ ಕಾಲಿಗೆ ಬೀಳ್ತೀನಿ. ನೀನು ಹೋದ್ರೆ ನನ್ ಒಲೆ ಗತಿ? ನಾನೇನ್ ತಿನ್ಲಿ? ಇನ್ನೊಂದು ಹತ್ತು ವರ್ಷ ಬಯ್ಯಿ. ನಿಂಗೇನ್ ಕಷ್ಟ? ಬಾಯ್ ಮಾತು ತಾನೇ?”

“ಬಾಯ್ ಮಾತಾ?” ಎಂದಳು ಅತ್ತಿಗೆ.

ಕೈ ಬಿಡಿಸಿಕೊಂಡಳು. ಅವಳ ಮುಖ ನಾನು ಯಾವತ್ತೂ ನೋಡದ ಹಾಗಾಯಿತು.

“ಬಾಯ್ ಮಾತು ಅಂದ್ಯಾ? ಒಂದೊಂದ್ ಮಾತು ಅಂದ್ಮೇಲೂ ಹಿತ್ತಲಿಗೆ ಹೋಗಿ ಬಾಯಿ ಮುಕ್ಕಳಿಸ್ತಿದ್ದೆ ಕಣೇ! ತಾಯಿಲ್ಲದ ಹೆಣ್ಣಿಗೆ, ಗಂಡ ಸತ್ತು ಇಪ್ಪತ್ತು ದಿನ ಆಗಿದ್ದೋಳಿಗೆ, ಕೊಂದೋಳೇ ಅಂದ ಬಾಯಿ ಇದು! ಬೀದಿಯೋರು ಗಯ್ಯಾಳಿ ಅಂದ್ರು, ಅನ್ನಿಸ್ಕಂಡೆ. ನನ್ನ ತಮ್ಮನ ಮಕ್ಕಳು, ನಾನು ಎತ್ಕಳಕ್ಕೆ ಹೋದ್ರೆ ಕಿರುಚ್ಕಂಡು ಓಡೋವು! ಒಂದಿನ, ಒಂದೇ ಒಂದಿನ, ನಿನ್ ತಲೆ ಬಾಚಿ ಜಡೆ ಹಾಕಾಣ ಅಂತ ಆಸೆ ಆಗಿತ್ತು ನಂಗೆ. ಹಾಕಿದ್ರೆ ಸಂಜೆಗೆ ಹಿಟ್ಟು ಬೇಯ್ತಿರ್ಲಿಲ್ಲ. ಇನ್ನೂ ಹತ್ತು ವರ್ಷ ಬೇಕಾ? ನಾನೇನು ಮನುಷ್ಯಳಾ, ನಿನ್ ಒಲೆ ಸೌದೆಯಾ?”

ಬೆಂಕಿ ಎದ್ದಿತು. ನನ್ನ ಬೆಂಕಿಯ ಹಾಗೆ ಭಗ್ಗೆಂದು ಹಾರಲಿಲ್ಲ. ತಳದಿಂದ, ಒಂದೊಂದೇ ಇದ್ದಿಲನ್ನು ಹಿಡಿದು, ನೀಲಿಯಾಗಿ, ನೆಟ್ಟಗೆ, ಮೇಲಿನ ಪೈಪಿನ ಬಾಯಿಯ ತನಕ ಎದ್ದಿತು. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಯಾರೂ ಫೋನು ಎತ್ತಲಿಲ್ಲ.

ಅತ್ತಿಗೆ ಬೆಂಕಿಯನ್ನು ನೋಡಿದಳು, ನನ್ನನ್ನು ನೋಡಿದಳು. “ಇದು ಯಾರ್ದು?” ಎಂದಳು.

“ನಿಂದೇ ಅತ್ಗೆ.”

“ನಂದಾ?”

“ನಿಂದೇ. ನಂಗೆ ಒಂದು ಚೂರೂ ಸಿಟ್ಟಿಲ್ಲ ಈಗ.”

ಅವಳಿಗೆ ಅರವತ್ತೊಂದು ವರ್ಷ. ತನ್ನ ಬೆಂಕಿಯನ್ನು ಮೊದಲ ಸಲ ನೋಡುತ್ತಿದ್ದಳು. ಕೈ ಚಾಚಿ ಕಾಯಿಸಿಕೊಂಡಳು. ತುಟಿಯಲ್ಲಿ ನಗು ಬರತೊಡಗಿದ್ದೇ ಜ್ವಾಲೆ ಒಂದು ಗೇಣು ಇಳಿಯಿತು.

“ನಗಬ್ಯಾಡ! ನಗಬ್ಯಾಡ!” ಎಂದು ನಾನು ಇಕ್ಕಳ ಕಿತ್ತುಕೊಂಡೆ. “ಬಾಡು ಬೇಯೋಗಂಟ ತಡ್ಕೋ. ನಾನು ಏನಂದೆ ನೆನೆಸ್ಕೋ. ಬಾಯ್ ಮಾತು ಅಂದೆ. ಇನ್ನೂ ಹತ್ತು ವರ್ಷ ಅಂದೆ!”

“ಅಂದ್ಯಲ್ಲೇ, ನಾಚ್ಕೆಗೆಟ್ಟೋಳೆ!” ಎಂದಳು. ಜ್ವಾಲೆ ಮತ್ತೆ ಎದ್ದಿತು.

ಬೇಗ ಬೇಗ ತಿರುವಿ ಹಾಕಿದೆ. ಕತ್ತರಿಯಲ್ಲಿ ಕತ್ತರಿಸಿದೆ, ಅದು ಎಷ್ಟು ಸಲೀಸು ಎಂದು ಆಗ ಗೊತ್ತಾಯಿತು. ಎಲೆ ಹಾಸಿ, ಬಾಡು ಇಟ್ಟು, ಕೆಂಪು ಕೋಸು ಇಟ್ಟು ಮಡಿಚಿ, ಅತ್ತಿಗೆಯ ಬಾಯಿಗೆ ಇಟ್ಟೆ. ತುತ್ತು ದೊಡ್ಡದಾಗಿತ್ತು. ಎರಡು ಕೆನ್ನೆಯೂ ಉಬ್ಬಿ, ಕಣ್ಣಲ್ಲಿ ನೀರು ಬಂದು, ಮಾತಾಡಲಾಗದೆ ಕೈಯಲ್ಲೇ ಚೆನ್ನಾಗಿದೆ ಎಂದಳು. ಆಮೇಲೆ ಅವಳು ನನಗೆ ಕಟ್ಟಿದಳು. ಅವಳ ಕೈತುತ್ತು ನಾನು ತಿಂದದ್ದು ಅದೇ ಮೊದಲು. ಎಷ್ಟು ಬಿಸಿ ಎಂದರೆ ಅಂಗುಳ ಸುಟ್ಟಿತು. ಸುಡಲಿ ಎಂದು ಬಾಯಿ ಮುಚ್ಚಿಕೊಂಡೇ ಅಗಿದೆ.

ಹಲಗೆ ಖಾಲಿಯಾಗುವ ತನಕ ಉಂಡೆವು. ನಡುನಡುವೆ ಉರಿ ತಗ್ಗಿದಾಗ, “ಗೊಬ್ಬರದ ಚೀಲ ಅಂದೋಳು ನೀನು,” ಎಂದು ನಾನು ಅಂದರೆ, “ಅನ್ನಿಸಿದೋಳು ನೀನು,” ಎಂದು ಅವಳು ಅನ್ನುತ್ತಿದ್ದಳು. ಕೊನೆಯ ತುತ್ತು ಇಳಿದ ಮೇಲೆ ನಾನು ಹೇಳಬೇಕಾದದ್ದು ಹೇಳಿದೆ. “ನನ್ನ ಮಕ್ಕಳಿಗೆ ಬಿಸಿ ಅನ್ನ ಹಾಕಿದೋಳು ನೀನು. ನಾನು ಬರೀ ಪಾತ್ರೆ ಇಟ್ಟೆ.” ಇನ್ನೂ ಹೇಳುವುದಿತ್ತು. ಅವಳು ಸಾಕು ಎಂದು ಕೈ ಎತ್ತಿದಳು. ಬೆಂಕಿ ತಣ್ಣಗಾಯಿತು. ಹೊಟ್ಟೆ ತುಂಬಿದ್ದ ನಮಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ.

“ನನ್ ಒಲೆ?” ಎಂದು ಆದರೂ ಕೇಳಿದೆ. ನನ್ನ ಬುದ್ಧಿಯೇ ಅಂಥದ್ದು.

“ನಿಂಗೆ ಸಿಟ್ಟು ಬರಾಕೆ ನಾನೇ ಆಗ್ಬೇಕಾ? ಹಾಲಿನೋನು ಸಾಕು,” ಎಂದಳು. ಕೈಚೀಲ ಎತ್ತಿಕೊಂಡಳು. ಬರುತ್ತೇನೆಂದು ನಾನು ಎದ್ದರೆ ಭುಜ ಅದುಮಿ ಕೂರಿಸಿದಳು. “ನೀನು ಬಸ್‌ಸ್ಟ್ಯಾಂಡಿಗೆ ಬಂದ್ರೆ ಕಂಡಕ್ಟರ್ ಜೊತೆ ಜಗಳ ತೆಗೀತೀಯ, ಬಸ್ಸಿಗೆ ಬೆಂಕಿ ಬೀಳ್ತದೆ. ಇಲ್ಲೇ ಕೂತು ಒಂದು ಲೋಟ ನೀರು ಕುಡಿ.”

ಹಾಗೆ ಹೇಳಿ ನನ್ನ ಹಿಂದೆ ಬಂದು ನಿಂತಳು. ಬಿಚ್ಚಿಹೋಗಿದ್ದ ನನ್ನ ಕೂದಲನ್ನು ಎರಡೂ ಕೈಯಲ್ಲಿ ಹಿಡಿದು, ಬೆರಳಲ್ಲೇ ಬಿಡಿಸಿ, ಜಡೆ ಹೆಣೆದು, ತುದಿಗೆ ಗಂಟು ಹಾಕಿದಳು. ಆತುರ ಪಡಲಿಲ್ಲ. ನಾನು ಅಲ್ಲಾಡದೆ ಕೂತಿದ್ದೆ. ಆಮೇಲೆ ಹೊರಟಳು.

ಹೋಟೆಲಿನ ಮುಂಭಾಗದ ಗಾಜಿನ ಗೋಡೆಯಾಚೆ ಅವಳು ಮೆಟ್ಟಿಲು ಇಳಿಯುವುದು ಕಾಣುತ್ತಿತ್ತು. ಕೆಳಗೆ ಹೂ ಮಾರುವ ಸಿದ್ದಮ್ಮ ಕೂತಿದ್ದಳು. ಅತ್ತಿಗೆಯನ್ನು ನೋಡಿದ್ದೇ, ಬೈಗುಳ ಬರುತ್ತದೆಂದು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. ಅತ್ತಿಗೆ ಬಗ್ಗಿ, ಸಿದ್ದಮ್ಮನ ಗಲ್ಲ ಮುಟ್ಟಿ, ಏನೋ ಕೇಳಿದಳು. ಗಾಜಿನಿಂದ ನನಗೆ ಕೇಳಿಸಲಿಲ್ಲ. ಸಿದ್ದಮ್ಮ ಬಾಯಿ ತೆರೆದು ನೋಡಿದಳು, ಆಮೇಲೆ ಮೆಲ್ಲಗೆ ಉತ್ತರ ಹೇಳಿದಳು. ಅತ್ತಿಗೆ ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡಳು. ಅದಾದ ಮೇಲೆ ಚಪ್ಪಲಿ ಅಂಗಡಿಯವನನ್ನು ಮಾತಾಡಿಸಿದಳು. ಆಮೇಲೆ ಪಂಚರ್ ಹಾಕುವವನನ್ನು. ಒಬ್ಬೊಬ್ಬರ ಹತ್ತಿರವೂ ನಿಂತು, ಒಂದೊಂದು ಮಾತಾಡಿ, ಬೀದಿಯ ಕೊನೆಯ ತನಕ ಹಾಗೇ ಹೋದಳು. ಬಸ್ಸು ಬಂತು. ಹತ್ತಿದಳು. ಮತ್ತೆ ನಮ್ಮೂರಿಗೆ ಬರಲಿಲ್ಲ.